ನಿಮಗಿದು ಗೊತ್ತೇ? ಗಡಿ ದಾಟಿದ ಸಲಿಂಗ ಮದುವೆಗಳು

ಮದುವೆ ಒಂದು ದೇಶದಲ್ಲಿ, ಉದ್ಯೋಗ ಇನ್ನೊಂದರಲ್ಲಿ, ಪಾಸ್‌ಪೋರ್ಟ್ ಮೂರನೆಯದರದ್ದು. ಗಂಡು-ಹೆಣ್ಣಿನ ಜೋಡಿಗೆ ಇದು ಸಾಮಾನ್ಯವಾಗಿ ತೊಡಕಾಗುವುದಿಲ್ಲ. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರಾದರೆ ಮಾತ್ರ ವಿಮಾನ ಇಳಿದಲ್ಲೆಲ್ಲ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಒಂದು ಕಡೆ ದಂಪತಿ, ಇನ್ನೊಂದು ಕಡೆ ‘ನೋಂದಾಯಿತ ಜೊತೆಗಾರರು’, ಮತ್ತೊಂದು ಕಡೆ ಬರೀ ಸ್ನೇಹಿತರು! ಈ ಗಂಟನ್ನು ಬಿಡಿಸಿದ್ದು ಹೆಚ್ಚಾಗಿ ಸಂಸತ್ತಿನ ಭಾಷಣಗಳಲ್ಲ. ವೀಸಾ ಅರ್ಜಿ, ತೆರಿಗೆ ನೋಟಿಸು, ಮರಣಪತ್ರಗಳನ್ನು ಹಿಡಿದು ಕಚೇರಿ ಅಲೆದವರು. ಅವರ ಬಗ್ಗೆ, ಆ ಕಾನೂನುಗಳ ಬಗ್ಗೆ ಒಂದಿಷ್ಟು ಸಂಗತಿಗಳು ಇಲ್ಲಿವೆ.

ಶುರುವಾದದ್ದು ಹೀಗೆ

• ಸಲಿಂಗ ಜೋಡಿಗಳಿಗೆ ರಾಷ್ಟ್ರಮಟ್ಟದಲ್ಲಿ ಮೊದಲು ‘ನೋಂದಾಯಿತ ಸಹಬಾಳ್ವೆ’ಯ ಕಾನೂನು ತಂದ ದೇಶ ಡೆನ್ಮಾರ್ಕ್. ಅದಕ್ಕೆ ಮದುವೆ ಎಂಬ ಹೆಸರಿರಲಿಲ್ಲ, ಮದುವೆಯ ಹಕ್ಕುಗಳಲ್ಲಿ ಬಹುಪಾಲು ಇದ್ದವು. 1989ರ ಅಕ್ಟೋಬರ್ 1ರಂದು ಕೋಪನ್‌ಹೇಗನ್ ಪುರಭವನದಲ್ಲಿ 11 ಜೋಡಿಗಳು ಸಹಿ ಹಾಕಿದವು.

• ಅವರಲ್ಲಿ ಮೊದಲಿಗರು ಆಕ್ಸೆಲ್ ಮತ್ತು ಐಗಿಲ್. ಅಷ್ಟರಲ್ಲಿ ಅವರು ಜೊತೆಯಾಗಿ ನಾಲ್ಕು ದಶಕ ಕಳೆದಿದ್ದರು. ಇಬ್ಬರ ಹೆಸರನ್ನೂ ಬೆಸೆದು ‘ಆಕ್ಸ್‌ಗಿಲ್’ ಎಂಬ ಮನೆತನದ ಹೆಸರನ್ನು 1950ರ ದಶಕದಲ್ಲೇ ಇಟ್ಟುಕೊಂಡಿದ್ದರು.

• ಆ ಡ್ಯಾನಿಶ್ ಕಾನೂನು ಪರದೇಶದವರಿಗೆ ಬಾಗಿಲು ತೆರೆದಿರಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಡೆನ್ಮಾರ್ಕಿನ ಪ್ರಜೆಯಾಗಿ ಅಲ್ಲೇ ನೆಲೆಸಿರಬೇಕಿತ್ತು. ‘ನಿಮ್ಮಲ್ಲಿ ಯಾರು ನಮ್ಮವರು?’ ಎಂಬ ಪ್ರಶ್ನೆ ಈ ಕಾನೂನಿನ ಜೊತೆಯಲ್ಲೇ ಹುಟ್ಟಿತು.

• ಮದುವೆಯನ್ನೇ ಸಲಿಂಗ ಜೋಡಿಗಳಿಗೂ ತೆರೆದ ಮೊದಲ ದೇಶ ನೆದರ್ಲೆಂಡ್ಸ್, 2001ರ ಏಪ್ರಿಲ್ 1ರಂದು. ಮಧ್ಯರಾತ್ರಿ ಕಳೆಯುತ್ತಿದ್ದಂತೆ ಆಮ್‌ಸ್ಟರ್‌ಡಾಮ್‌ನಲ್ಲಿ ನಾಲ್ಕು ಜೋಡಿಗಳ ಮದುವೆ ನಡೆಸಿಕೊಟ್ಟವರು ಮೇಯರ್ ಜಾಬ್ ಕೋಹೆನ್. ನ್ಯಾಯ ಖಾತೆಯ ರಾಜ್ಯ ಸಚಿವರಾಗಿದ್ದಾಗ ಆ ಕಾನೂನನ್ನು ಸಂಸತ್ತಿನಲ್ಲಿ ದಡ ಮುಟ್ಟಿಸಿದವರೂ ಅವರೇ.

• ಎರಡನೆಯ ದೇಶ ಬೆಲ್ಜಿಯಂ, 2003ರಲ್ಲಿ. ಮೊದಮೊದಲು ಅಲ್ಲಿ ಪರದೇಶದವರು ಮದುವೆಯಾಗಬೇಕಾದರೆ ಅವರ ತವರಿನ ಕಾನೂನೂ ಸಲಿಂಗ ಮದುವೆಯನ್ನು ಒಪ್ಪಬೇಕಿತ್ತು. ಆಗ ಒಪ್ಪುತ್ತಿದ್ದ ಬೇರೆ ದೇಶ ನೆದರ್ಲೆಂಡ್ಸ್ ಒಂದೇ! 2004ರ ಅಕ್ಟೋಬರ್‌ನಲ್ಲಿ ಈ ನಿಯಮ ಸಡಿಲವಾಯಿತು.

• ಸ್ಪೇನ್ 2005ರ ಜುಲೈನಲ್ಲಿ ಸಲಿಂಗ ಮದುವೆಯನ್ನು ಕಾನೂನುಬದ್ಧಗೊಳಿಸಿತು. ಕೆಲವೇ ದಿನಗಳಲ್ಲಿ ಎದ್ದ ಮೊದಲ ತಕರಾರಿನಲ್ಲೇ ಭಾರತದ ಹೆಸರಿತ್ತು. ಕ್ಯಾಟಲೋನಿಯಾದಲ್ಲಿ ಒಬ್ಬ ಸ್ಪೇನ್ ಪ್ರಜೆ ಮತ್ತು ಒಬ್ಬ ಭಾರತೀಯನಿಗೆ ನ್ಯಾಯಾಧೀಶರೊಬ್ಬರು ಮದುವೆಯ ಪರವಾನಗಿ ನಿರಾಕರಿಸಿದರು. ಭಾರತದ ಕಾನೂನು ಇದನ್ನು ಒಪ್ಪುವುದಿಲ್ಲ ಎಂಬುದು ಕಾರಣ. ಅದೇ ತಿಂಗಳು ಅದೇ ಪ್ರಾಂತ್ಯದ ಇನ್ನೊಬ್ಬ ನ್ಯಾಯಾಧೀಶರು ಒಬ್ಬ ಸ್ಪೇನ್ ಮಹಿಳೆಗೂ ಅರ್ಜೆಂಟೀನಾದ ಮಹಿಳೆಗೂ ಮದುವೆ ಮಾಡಿಸಿದರು. ತಿಂಗಳು ಮುಗಿಯುವ ಮುನ್ನ ಸರ್ಕಾರವೇ ಸ್ಪಷ್ಟಪಡಿಸಿತು: ಸಂಗಾತಿಯ ತವರು ಒಪ್ಪದಿದ್ದರೂ ಸ್ಪೇನ್‌ನಲ್ಲಿ ಮದುವೆಗೆ ಅಡ್ಡಿಯಿಲ್ಲ.

• ಒಂದು ದೇಶದ ಮದುವೆಯನ್ನು ಇನ್ನೊಂದು ದೇಶ ಒಪ್ಪಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ, 1978ರ ಹೇಗ್ ಒಪ್ಪಂದ. ಅದಕ್ಕೆ ಬದ್ಧವಾಗಿರುವ ದೇಶಗಳು ಎಷ್ಟು ಗೊತ್ತೇ? ಮೂರೇ: ಆಸ್ಟ್ರೇಲಿಯಾ, ಲಕ್ಸೆಂಬರ್ಗ್, ನೆದರ್ಲೆಂಡ್ಸ್.

ರಾಯಭಾರ ಕಚೇರಿಯ ಬಾಗಿಲಲ್ಲಿ

• ಬ್ರಿಟನ್ನಿನ ಪ್ರಜೆಗಳು ಕೆಲವು ದೇಶಗಳಲ್ಲಿರುವ ತಮ್ಮ ಕಾನ್ಸುಲೇಟಿನಲ್ಲೇ ಸಲಿಂಗ ಮದುವೆಯಾಗಬಹುದು. 2014ರ ಜೂನ್‌ನಲ್ಲಿ ಈ ಸೌಲಭ್ಯ ಬಂತು. ಆಸ್ಟ್ರೇಲಿಯಾ, ಚೀನಾ, ಜಪಾನ್, ವಿಯೆಟ್ನಾಂ ಮೊದಲಾದ ಕಡೆ ಸ್ಥಳೀಯ ಕಾನೂನು ಒಪ್ಪದಿದ್ದ ಕಾಲದಲ್ಲೂ ಕಾನ್ಸುಲೇಟಿನೊಳಗೆ ಮದುವೆಗಳು ನಡೆದವು.

• ಇದಕ್ಕೊಂದು ಕಟ್ಟಳೆಯಿದೆ: ಆತಿಥೇಯ ದೇಶದ ಆಕ್ಷೇಪ ಇರಕೂಡದು. ಹಾಂಗ್‌ಕಾಂಗ್ ಸರ್ಕಾರ ಆಕ್ಷೇಪಿಸಿತು. ಹೀಗಾಗಿ ಬೀಜಿಂಗ್‌ನಲ್ಲಿ ಸಾಧ್ಯವಾದದ್ದು ಬ್ರಿಟನ್ನಿನ ಹಳೆಯ ವಸಾಹತಿನಲ್ಲಿ ಸಾಧ್ಯವಾಗಲಿಲ್ಲ.

• ಮೆಕ್ಸಿಕೋ ತನ್ನ ಪ್ರಜೆಗಳಿಗೆ ಎಲ್ಲ ಕಾನ್ಸುಲೇಟುಗಳಲ್ಲೂ ಸಲಿಂಗ ಮದುವೆಗೆ ಅವಕಾಶ ಕೊಟ್ಟಿದೆ. ಇದನ್ನು ಪ್ರಕಟಿಸಿದ್ದು 2019ರ ಮೇ 17ರಂದು. ಆ ಹೊತ್ತಿಗೆ ದೇಶದೊಳಗಿನ ಎಲ್ಲ ರಾಜ್ಯಗಳೂ ತಮ್ಮ ಕಾನೂನು ತಿದ್ದಿರಲಿಲ್ಲ. ತವರೂರಿನಲ್ಲಿ ಸಿಗದ ಮದುವೆ ಪರದೇಶದ ಕಾನ್ಸುಲೇಟಿನಲ್ಲಿ ಸಿಗುತ್ತಿತ್ತು.

• ಪರದೇಶದಲ್ಲಿ ಮದುವೆಯಾಗಲು ‘ಈ ವ್ಯಕ್ತಿ ಅವಿವಾಹಿತ, ಪ್ರಾಯಕ್ಕೆ ಬಂದಿದ್ದಾನೆ’ ಎಂಬ ಪತ್ರವನ್ನು ಹಲವು ದೇಶಗಳು ಕೇಳುತ್ತವೆ. ಸಲಿಂಗ ಮದುವೆಯನ್ನು ಒಪ್ಪದ ಜಪಾನ್ ತನ್ನ ಪ್ರಜೆಗಳಿಗೆ ಇಂಥ ಮದುವೆಗೂ ಈ ಪತ್ರ ಕೊಡಲು 2009ರಲ್ಲಿ ಒಪ್ಪಿತು. ಆಸ್ಟ್ರೇಲಿಯಾ 2012ರ ಫೆಬ್ರುವರಿಯಿಂದ ಕೊಡತೊಡಗಿತು. ಹೊರಗೆ ಹೋಗಿ ಮದುವೆಯಾಗಲು ಪತ್ರ ಕೊಟ್ಟವು. ಆ ಮದುವೆಯನ್ನು ತಮ್ಮ ನೆಲದಲ್ಲಿ ಒಪ್ಪಲಿಲ್ಲ.

• ಜಪಾನಿನಲ್ಲಿ ಇನ್ನೊಂದು ವಿಚಿತ್ರ. ತಮ್ಮ ದೇಶದಲ್ಲಿ ಸಲಿಂಗ ಮದುವೆಯಾಗಿ ಬಂದ ಇಬ್ಬರು ವಿದೇಶಿಯರಲ್ಲಿ ಒಬ್ಬರಿಗೆ ಅಲ್ಲಿ ನೆಲೆಸುವ ಅನುಮತಿಯಿದ್ದರೆ, ಸಂಗಾತಿಗೂ ವಿಶೇಷ ವೀಸಾ ಸಿಗುವ ವ್ಯವಸ್ಥೆ 2013ರಿಂದ ಇದೆ. ಜಪಾನೀ ಪ್ರಜೆಯೇ ವಿದೇಶಿಯನ್ನು ಮದುವೆಯಾದರೆ ಈ ದಾರಿ ಇಲ್ಲ.

• ಫ್ರಾನ್ಸ್‌ನಲ್ಲಿ 1999ರಿಂದ ‘ಪ್ಯಾಕ್ಸ್’ ಎಂಬ ನೋಂದಾಯಿತ ಸಹಬಾಳ್ವೆಯಿದೆ, ಗಂಡು-ಹೆಣ್ಣಿನ ಜೋಡಿಗೂ ಸಲಿಂಗ ಜೋಡಿಗೂ. ಪರದೇಶದಲ್ಲಿರುವ ಫ್ರೆಂಚ್ ಪ್ರಜೆ ತನ್ನ ಕಾನ್ಸುಲೇಟಿನಲ್ಲೇ ಇದನ್ನು ನೋಂದಾಯಿಸಬಹುದು.

• 2013ರಲ್ಲಿ ಫ್ರಾನ್ಸ್ ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟಾಗ 11 ದೇಶಗಳ ಪ್ರಜೆಗಳನ್ನು ಹೊರಗಿಟ್ಟಿತು. ಮೊರಾಕೊ, ಅಲ್ಜೀರಿಯಾ, ಪೋಲೆಂಡ್, ಕಾಂಬೋಡಿಯಾ ಮೊದಲಾದವುಗಳೊಡನೆ ‘ನಿಮ್ಮವರ ಮದುವೆಗೆ ನಿಮ್ಮದೇ ಕಾನೂನು’ ಎಂಬ ಹಳೆಯ ಒಪ್ಪಂದಗಳಿದ್ದವು. ಒಬ್ಬ ಫ್ರೆಂಚ್ ಪ್ರಜೆ ಮತ್ತು ಒಬ್ಬ ಮೊರಾಕೊ ಪ್ರಜೆ ಕೋರ್ಟಿಗೆ ಹೋದರು. 2015ರ ಜನವರಿ 28ರಂದು ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು.

• ಜನಮತಗಣನೆಯ ಮೂಲಕ ಸಲಿಂಗ ಮದುವೆಯನ್ನು ಒಪ್ಪಿದ ಮೊದಲ ದೇಶ ಐರ್ಲೆಂಡ್. ಪರದೇಶದಲ್ಲಿರುವ ಬಹುತೇಕ ಐರಿಶರಿಗೆ ಅಂಚೆ ಮತದ ಅವಕಾಶವಿಲ್ಲ. ಹಾಗಾಗಿ 2015ರ ಮೇ 22ರ ಮತದಾನಕ್ಕೆ ಲಂಡನ್ನಿನಿಂದ, ಇನ್ನೂ ದೂರದ ಊರುಗಳಿಂದ ವಿಮಾನ, ಹಡಗು ಹತ್ತಿ ಊರಿಗೆ ಬಂದರು. ಶೇ 62ರಷ್ಟು ಮತಗಳು ಪರವಾಗಿ ಬಿದ್ದವು.

• ಆ ವರ್ಷದ ಜನವರಿಯಲ್ಲಿ ರೇಡಿಯೊ ಸಂದರ್ಶನವೊಂದರಲ್ಲಿ ತಾನು ಸಲಿಂಗಿ ಎಂದು ಹೇಳಿಕೊಂಡಿದ್ದ ಆರೋಗ್ಯ ಸಚಿವ ಲಿಯೋ ವರಾಡ್ಕರ್ 2017ರಲ್ಲಿ ಐರ್ಲೆಂಡಿನ ಪ್ರಧಾನಿಯಾದರು. ಅವರ ತಂದೆ ಮುಂಬೈನಿಂದ ಹೋದ ವೈದ್ಯ. ಮನೆತನದ ಮೂಲ ಮಹಾರಾಷ್ಟ್ರದ ಕರಾವಳಿಯ ವರಾಡ ಗ್ರಾಮ.

ಅಲ್ಲಿ ಮದುವೆ, ಇಲ್ಲಿ ಬೇರೆ ಹೆಸರು

• ಬ್ರಿಟಿಷ್ ಪ್ರಾಧ್ಯಾಪಕಿಯರಾದ ಸೀಲಿಯಾ ಕಿಟ್ಸಿಂಗರ್ ಮತ್ತು ಸ್ಯೂ ವಿಲ್ಕಿನ್ಸನ್ 2003ರಲ್ಲಿ ಕೆನಡಾದಲ್ಲಿ ಮದುವೆಯಾದರು. ಊರಿಗೆ ಮರಳಿದಾಗ ಬ್ರಿಟನ್ ಅದನ್ನು ‘ಸಿವಿಲ್ ಪಾರ್ಟ್‌ನರ್‌ಶಿಪ್’ ಎಂದಷ್ಟೇ ಪರಿಗಣಿಸಿತು. ಹೈಕೋರ್ಟಿಗೆ ಹೋದರು, 2006ರಲ್ಲಿ ಸೋತರು. 2014ರ ಮಾರ್ಚ್ 13ರಂದು ಹೊಸ ಕಾನೂನಿನಡಿ ಪರದೇಶದ ಮದುವೆಗಳಿಗೆಲ್ಲ ಮದುವೆ ಎಂಬ ಮಾನ್ಯತೆ ಬಂತು. ಬ್ರಿಟನ್ನಿನ ನೆಲದಲ್ಲಿ ಮೊದಲ ಸಲಿಂಗ ಮದುವೆ ನಡೆದದ್ದು ಅದಾಗಿ ಎರಡು ವಾರ ಕಳೆದ ಮೇಲೆ.

• ಆಮೇಲೂ ಒಂದು ಮೂಲೆ ಉಳಿಯಿತು. ಇಂಗ್ಲೆಂಡಿನಲ್ಲಿ ಮದುವೆಯಾದ ಸಲಿಂಗ ಜೋಡಿ ಅದೇ ದೇಶದ ಭಾಗವಾದ ಉತ್ತರ ಐರ್ಲೆಂಡಿಗೆ ಹೋದರೆ ದಂಪತಿಯಾಗಿ ಉಳಿಯುತ್ತಿರಲಿಲ್ಲ, ‘ಪಾರ್ಟ್‌ನರ್’ಗಳಾಗುತ್ತಿದ್ದರು. 2020ರ ಜನವರಿಯವರೆಗೂ ಹೀಗೇ ನಡೆಯಿತು.

• ಡಚ್ ಅರಸೊತ್ತಿಗೆಯೊಳಗೂ ಇಂಥದೇ ಜಗಳವಾಗಿತ್ತು. ನೆದರ್ಲೆಂಡ್ಸ್‌ನಲ್ಲಿ ಮದುವೆಯಾದ ಇಬ್ಬರು ಮಹಿಳೆಯರ ಮದುವೆಯನ್ನು ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪ ದಾಖಲಿಸಲು ಒಪ್ಪಲಿಲ್ಲ. ದ್ವೀಪವೂ ಅದೇ ಅರಸೊತ್ತಿಗೆಯದ್ದು. 2007ರಲ್ಲಿ ಡಚ್ ಸುಪ್ರೀಂ ಕೋರ್ಟ್ ‘ದಾಖಲಿಸಲೇಬೇಕು’ ಎಂದಿತು.

• ರೋಮ್ ನಗರದ ಮೇಯರ್ ಇನ್ಯಾತ್ಸಿಯೊ ಮರೀನೊ 2014ರ ಅಕ್ಟೋಬರ್‌ನಲ್ಲಿ ಪರದೇಶದಲ್ಲಿ ಮದುವೆಯಾಗಿದ್ದ 16 ಜೋಡಿಗಳ ಹೆಸರನ್ನು ನಗರದ ರಿಜಿಸ್ಟರಿನಲ್ಲಿ ತಾವೇ ಬರೆದರು. ಸರ್ಕಾರ ಆ ದಾಖಲೆಗಳನ್ನು ರದ್ದುಪಡಿಸಿತು.

• 2016ರಲ್ಲಿ ಇಟಲಿ ಸಲಿಂಗ ಜೋಡಿಗಳಿಗೆ ‘ನಾಗರಿಕ ಒಕ್ಕೂಟ’ದ ಕಾನೂನು ತಂದಿತು. ಇಟಲಿಯ ಪ್ರಜೆಗಳು ಮ್ಯಾಡ್ರಿಡ್‌ನಲ್ಲೋ ನ್ಯೂಯಾರ್ಕಿನಲ್ಲೋ ಆದ ಸಲಿಂಗ ಮದುವೆ ತವರಿನ ದಾಖಲೆಯಲ್ಲಿ ನಾಗರಿಕ ಒಕ್ಕೂಟವಾಗಿಯೇ ನಮೂದಾಗುತ್ತದೆ.

• ಜರ್ಮನಿ 2001ರಲ್ಲಿ ನೋಂದಾಯಿತ ಸಹಬಾಳ್ವೆ ತಂದಾಗ ಒಂದು ಜಾಣ ನಿಯಮ ಸೇರಿಸಿತು. ಮದುವೆಗೆ ಅಲ್ಲಿ ಆಯಾ ವ್ಯಕ್ತಿಯ ತವರಿನ ಕಾನೂನು ನೋಡುತ್ತಿದ್ದರು. ಸಹಬಾಳ್ವೆಗೆ ನೋಂದಣಿ ನಡೆದ ದೇಶದ ಕಾನೂನೇ ಅನ್ವಯ ಎಂದರು. ತವರಿನ ಕಾನೂನನ್ನೇ ನೋಡಿದ್ದರೆ ಭಾರತ, ಟರ್ಕಿ, ಪೋಲೆಂಡಿನಿಂದ ಬಂದ ಯಾರೂ ನೋಂದಾಯಿಸುವಂತಿರಲಿಲ್ಲ.

• ಎಚ್ಚರ: ಅಮೆರಿಕದ ವಲಸೆ ಇಲಾಖೆ ಮದುವೆಯನ್ನಷ್ಟೇ ಮದುವೆ ಎನ್ನುತ್ತದೆ. ಬೇರೆ ದೇಶದ ಸಿವಿಲ್ ಪಾರ್ಟ್‌ನರ್‌ಶಿಪ್ ಅಥವಾ ನೋಂದಾಯಿತ ಸಹಬಾಳ್ವೆಯ ಪತ್ರ ತೋರಿಸಿದರೆ ಸಂಗಾತಿಯ ವೀಸಾ ಸಿಗುವುದಿಲ್ಲ.

• ಅದೇ ಇಲಾಖೆಗೆ, ಮದುವೆ ನಡೆದ ಜಾಗದಲ್ಲಿ ಅದು ಸಿಂಧುವಾಗಿದ್ದರೆ ಸಾಕು. ದಂಪತಿಯ ತವರು ಒಪ್ಪುತ್ತದೆಯೇ ಎಂದು ಕೇಳುವುದಿಲ್ಲ. ಎಚ್-1ಬಿ ವೀಸಾದಲ್ಲಿ ದುಡಿಯುವ ಬೆಂಗಳೂರಿನ ಎಂಜಿನಿಯರ್ ಇಂಥ ಮದುವೆಯಾಗಿದ್ದರೆ ಅವರ ಸಂಗಾತಿಗೆ ಎಚ್-4 ವೀಸಾ ಕೇಳಬಹುದು. 2013ಕ್ಕೆ ಮುಂಚೆ ಈ ಅವಕಾಶ ಇರಲಿಲ್ಲ.

ಕಾಗದ ಹಿಡಿದು ಕೋರ್ಟಿಗೆ

• ಅಮೆರಿಕದ ವಲಸೆ ನಿಯಮದ ಆ 2013ರ ಬದಲಾವಣೆಗೆ ಕಾರಣ ಟೊರಾಂಟೊದಲ್ಲಿ ನಡೆದ ಒಂದು ಮದುವೆ. ನ್ಯೂಯಾರ್ಕಿನ ಈಡಿತ್ ವಿಂಡ್ಸರ್ ಮತ್ತು ಥಿಯಾ ಸ್ಪೈಯರ್ 2007ರಲ್ಲಿ ಕೆನಡಾಕ್ಕೆ ಹೋಗಿ ಮದುವೆಯಾಗಿದ್ದರು. 2009ರಲ್ಲಿ ಸ್ಪೈಯರ್ ತೀರಿಕೊಂಡಾಗ ಅಮೆರಿಕ ಸರ್ಕಾರ ವಿಂಡ್ಸರ್‌ರನ್ನು ಪತ್ನಿ ಎಂದು ಒಪ್ಪದೆ ಆಸ್ತಿಯ ಮೇಲೆ 3,63,053 ಡಾಲರ್ ತೆರಿಗೆ ಹಾಕಿತು. 2013ರ ಜೂನ್ 26ರಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ವಿಂಡ್ಸರ್ ಪರ ತೀರ್ಪಿತ್ತಿತು.

• ತೀರ್ಪು ಬಂದ ಎರಡೇ ದಿನಕ್ಕೆ, ಫ್ಲಾರಿಡಾದಲ್ಲಿದ್ದ ಅಮೆರಿಕನ್ ಪ್ರಜೆಯೊಬ್ಬರ ಬಲ್ಗೇರಿಯಾದ ಗಂಡನಿಗೆ ಗ್ರೀನ್ ಕಾರ್ಡ್ ಅರ್ಜಿ ಮಂಜೂರಾದ ಸುದ್ದಿ ಬಂತು. ಫ್ಲಾರಿಡಾ ರಾಜ್ಯ ಆ ಮದುವೆಯನ್ನು ಇನ್ನೂ ಒಪ್ಪಿರಲಿಲ್ಲ!

• ಇಂಥ ಅರ್ಜಿ ಅದಕ್ಕೂ 38 ವರ್ಷ ಮೊದಲೇ ಬಂದಿತ್ತು. 1975ರಲ್ಲಿ ಕೊಲರಾಡೊದ ಬೌಲ್ಡರ್ ಕೌಂಟಿಯ ಗುಮಾಸ್ತೆ ಕ್ಲೀಲಾ ರೋರೆಕ್ಸ್ ‘ಕಾನೂನಿನಲ್ಲಿ ಬೇಡ ಎಂದು ಎಲ್ಲೂ ಬರೆದಿಲ್ಲ’ ಎಂಬ ಸಲಹೆ ಪಡೆದು ಆರು ಸಲಿಂಗ ಜೋಡಿಗಳಿಗೆ ಪರವಾನಗಿ ಕೊಟ್ಟರು. ಅವರಲ್ಲೊಬ್ಬರು ಅಮೆರಿಕದ ರಿಚರ್ಡ್ ಆಡಮ್ಸ್. ಸಂಗಾತಿ ಆಸ್ಟ್ರೇಲಿಯಾದ ಟೋನಿ ಸಲಿವನ್. ಗ್ರೀನ್ ಕಾರ್ಡ್ ಕೇಳಿದರೆ ಇಲಾಖೆ ಬೈಗುಳದ ಪದ ಬಳಸಿಯೇ ಅಧಿಕೃತ ಉತ್ತರ ಬರೆಯಿತು. ಆಡಮ್ಸ್ 2012ರಲ್ಲಿ ತೀರಿಕೊಂಡರು. 2016ರಲ್ಲಿ ಸಲಿವನ್‌ಗೆ ಅದೇ ಮದುವೆಯ ಆಧಾರದ ಮೇಲೆ ಗ್ರೀನ್ ಕಾರ್ಡ್ ಬಂತು.

• ರೊಮೇನಿಯಾದ ಅದ್ರಿಯಾನ್ ಕೋಮನ್ ಮತ್ತು ಅಮೆರಿಕದ ಕ್ಲೇ ಹ್ಯಾಮಿಲ್ಟನ್ 2010ರಲ್ಲಿ ಬ್ರಸೆಲ್ಸ್‌ನಲ್ಲಿ ಮದುವೆಯಾದರು. ಹ್ಯಾಮಿಲ್ಟನ್‌ಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಹಕ್ಕಿಲ್ಲ ಎಂದಿತು ರೊಮೇನಿಯಾ. 2018ರ ಜೂನ್ 5ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿತು: ಒಕ್ಕೂಟದೊಳಗಿನ ಸಂಚಾರದ ಕಾನೂನಿನಲ್ಲಿ ‘ಸಂಗಾತಿ’ ಎಂದರೆ ಸಲಿಂಗ ಸಂಗಾತಿಯೂ ಹೌದು.

• ಸ್ಪೇನ್‌ನಲ್ಲಿ ಹುಟ್ಟಿದ ಒಂದು ಹೆಣ್ಣುಮಗು. ಒಬ್ಬ ತಾಯಿ ಬಲ್ಗೇರಿಯಾದವಳು, ಇನ್ನೊಬ್ಬಳು ಜಿಬ್ರಾಲ್ಟರಿನಲ್ಲಿ ಹುಟ್ಟಿದ ಬ್ರಿಟಿಷ್ ಪ್ರಜೆ. ಸ್ಪೇನ್‌ನ ಜನನಪತ್ರದಲ್ಲಿ ಇಬ್ಬರು ತಾಯಂದಿರ ಹೆಸರೂ ಇತ್ತು. ಬಲ್ಗೇರಿಯಾ ತನ್ನ ಜನನಪತ್ರ ಕೊಡಲಿಲ್ಲ. ಉಳಿದ ಎರಡು ದೇಶಗಳ ಪೌರತ್ವವೂ ಮಗುವಿಗೆ ಸಿಗುವಂತಿರಲಿಲ್ಲ. 2021ರ ಡಿಸೆಂಬರ್ 14ರಂದು ಅದೇ ಐರೋಪ್ಯ ನ್ಯಾಯಾಲಯ, ತಾಯಂದಿರೊಡನೆ ಓಡಾಡಲು ಮಗುವಿಗೆ ಗುರುತಿನ ಪತ್ರ ಕೊಡಬೇಕು ಎಂದು ತೀರ್ಪಿತ್ತಿತು.

• ಬರ್ಲಿನ್‌ನಲ್ಲಿ 2018ರಲ್ಲಿ ಮದುವೆಯಾದ ಪೋಲೆಂಡಿನ ಇಬ್ಬರು ಪುರುಷರು ತಮ್ಮ ಮದುವೆಯನ್ನು ಊರಿನ ರಿಜಿಸ್ಟರಿನಲ್ಲಿ ಬರೆಯಿರಿ ಎಂದು ಕೇಳಿದರು. 2025ರ ನವೆಂಬರ್ 25ರಂದು ಐರೋಪ್ಯ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸದಸ್ಯ ದೇಶ ತನ್ನಲ್ಲಿ ಸಲಿಂಗ ಮದುವೆಗೆ ಅವಕಾಶ ಕೊಡುವುದು ಬಿಡುವುದು ಅದರ ಇಷ್ಟ. ಆದರೆ ಒಕ್ಕೂಟದ ಇನ್ನೊಂದು ದೇಶದಲ್ಲಿ ತನ್ನ ಪ್ರಜೆಗಳು ನೆಲೆಸಿದ್ದಾಗ ಆದ ಮದುವೆಯನ್ನು ಒಪ್ಪಲೇಬೇಕು ಎಂದಿತು.

• ಹಾಂಗ್‌ಕಾಂಗ್‌ನಲ್ಲಿ ಕೆಲಸ ಸಿಕ್ಕ ಸಂಗಾತಿಯೊಡನೆ ಬಂದ ಬ್ರಿಟಿಷ್ ಮಹಿಳೆಯೊಬ್ಬರಿಗೆ ಅವಲಂಬಿತರ ವೀಸಾ ಕೊಡಲಿಲ್ಲ. ಅವರ ಬಳಿ ಇದ್ದದ್ದು ಇಂಗ್ಲೆಂಡಿನ ಸಿವಿಲ್ ಪಾರ್ಟ್‌ನರ್‌ಶಿಪ್ ಪತ್ರ. ಮೊಕದ್ದಮೆಯಲ್ಲಿ ಅವರನ್ನು ಬೆಂಬಲಿಸಲು ಮುಂದಾದವರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್, ಮಾರ್ಗನ್ ಸ್ಟಾನ್ಲಿಯಂಥ ಬ್ಯಾಂಕುಗಳಿದ್ದವು: ಇಂಥ ನಿಯಮವಿದ್ದರೆ ಒಳ್ಳೆಯ ನೌಕರರು ಬರುವುದಿಲ್ಲ ಎಂಬುದು ಅವರ ಚಿಂತೆ. 2018ರ ಜುಲೈನಲ್ಲಿ ಆ ಮಹಿಳೆ ಗೆದ್ದರು.

• ಮರುವರ್ಷ ಅಲ್ಲಿನ ವಲಸೆ ಇಲಾಖೆಯ ಅಧಿಕಾರಿಯೇ ಗೆದ್ದರು. ಅವರು 2014ರಲ್ಲಿ ನ್ಯೂಜಿಲೆಂಡಿನಲ್ಲಿ ಮದುವೆಯಾಗಿದ್ದರು. ಗಂಡನಿಗೆ ನೌಕರರ ಕುಟುಂಬದ ಸೌಲಭ್ಯ, ಇಬ್ಬರಿಗೂ ಜಂಟಿ ತೆರಿಗೆ ಲೆಕ್ಕ ಬೇಕೆಂದು ಕೇಳಿದ್ದರು.

• ಹಾಂಗ್‌ಕಾಂಗ್‌ನ ಮೂರನೆಯ ಮೊಕದ್ದಮೆ ಅರ್ಧ ಗೆದ್ದಿತು. ಪರದೇಶದ ಸಲಿಂಗ ಮದುವೆಯನ್ನು ಮದುವೆ ಎಂದು ಒಪ್ಪಬೇಕಿಲ್ಲ, ಆದರೆ ಎರಡು ವರ್ಷದೊಳಗೆ ಪರ್ಯಾಯ ವ್ಯವಸ್ಥೆ ಮಾಡಬೇಕು ಎಂದು ನ್ಯಾಯಾಲಯ 2023ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅದಕ್ಕಾಗಿ ಸರ್ಕಾರ ತಂದ ಮಸೂದೆಯನ್ನು ಶಾಸನಸಭೆ 2025ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು.

• ನಮೀಬಿಯಾದ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ, ದಕ್ಷಿಣ ಆಫ್ರಿಕಾದಂಥ ಕಡೆ ಕಾನೂನುಬದ್ಧವಾಗಿ ಆದ ಸಲಿಂಗ ಮದುವೆಯನ್ನು ವಲಸೆಯ ಮಟ್ಟಿಗೆ ಒಪ್ಪಬೇಕು ಎಂದಿತು. ಎರಡು ತಿಂಗಳೊಳಗೆ ಸಂಸತ್ತು ಇದಕ್ಕೆ ವಿರುದ್ಧದ ಮಸೂದೆಗಳಿಗೆ ಒಪ್ಪಿಗೆ ಕೊಟ್ಟಿತು.

• ವಿಶ್ವಸಂಸ್ಥೆಯ ನೌಕರರ ಮದುವೆ ಯಾವ ಕಾನೂನಿಗೆ ಒಳಪಟ್ಟದ್ದು? 2014ರವರೆಗೆ ಅವರವರ ತವರಿನ ಕಾನೂನಿಗೆ. ಆ ವರ್ಷ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ನಿಯಮ ಬದಲಿಸಿ, ಮದುವೆ ನಡೆದ ಜಾಗದ ಕಾನೂನನ್ನು ನೋಡಿದರೆ ಸಾಕು ಎಂದರು. ಇದನ್ನು ರದ್ದು ಮಾಡಿಸಲು 2015ರ ಮಾರ್ಚ್‌ನಲ್ಲಿ ರಷ್ಯಾ ಮತಕ್ಕೆ ಹಾಕಿತು, 43-80ರಿಂದ ಸೋತಿತು. ಭಾರತ ಮತ ಹಾಕಿದ್ದು ರಷ್ಯಾದ ಪರ.

ವಿಚ್ಛೇದನ, ಸಾವು

• ಕೆನಡಾದಲ್ಲಿ ಮದುವೆಯಾಗಲು ಅಲ್ಲಿನ ನಿವಾಸಿಯಾಗಿರಬೇಕಿಲ್ಲ. ವಿಚ್ಛೇದನಕ್ಕೆ ಮಾತ್ರ ಒಂದು ವರ್ಷದ ವಾಸ ಬೇಕು. ಹೊರಗಿನಿಂದ ಬಂದು ಮದುವೆಯಾದ ಜೋಡಿಗಳು ಬೇರೆಯಾಗಬೇಕೆಂದರೆ ತವರಿನ ಕೋರ್ಟು ‘ಮದುವೆಯೇ ಆಗಿಲ್ಲ, ವಿಚ್ಛೇದನ ಎಲ್ಲಿಂದ?’ ಎನ್ನುತ್ತಿತ್ತು, ಕೆನಡಾದ ಕೋರ್ಟು ‘ನೀವು ಇಲ್ಲಿಯವರಲ್ಲ’ ಎನ್ನುತ್ತಿತ್ತು. ಇವರಿಗಾಗಿಯೇ ಕೆನಡಾ 2013ರಲ್ಲಿ ಪ್ರತ್ಯೇಕ ಕಾನೂನು ತಂದಿತು.

• ಆಸ್ಟ್ರೇಲಿಯಾದ ಎಷ್ಟೋ ಜೋಡಿಗಳು 2013ರ ಆಗಸ್ಟ್‌ನಿಂದ ಪಕ್ಕದ ನ್ಯೂಜಿಲೆಂಡಿಗೆ ಹೋಗಿ ಮದುವೆಯಾಗಿ ಬರುತ್ತಿದ್ದರು. ವಿಮಾನ ಇಳಿದೊಡನೆ ಮದುವೆಗೆ ಬೆಲೆಯಿರಲಿಲ್ಲ. 2017ರ ಡಿಸೆಂಬರ್ 9ರಂದು ಆಸ್ಟ್ರೇಲಿಯಾದ ಕಾನೂನು ಬದಲಾದ ಕ್ಷಣದಲ್ಲೇ ಇವರೆಲ್ಲ ದಂಪತಿಗಳಾದರು. ಹೊಸದಾಗಿ ಮದುವೆಯಾಗುವವರು ಮಾತ್ರ ಒಂದು ತಿಂಗಳ ನೋಟಿಸ್ ಕೊಟ್ಟು ಕಾಯಬೇಕಿತ್ತು. ಅಂದರೆ, ಮೊದಲ ಮದುವೆಗಳಿಗೂ ಮೊದಲೇ ಕೆಲವರಿಗೆ ವಿಚ್ಛೇದನದ ಅರ್ಜಿ ಹಾಕುವ ಹಕ್ಕು ಬಂದಿತ್ತು.

• 2016ರ ಜನವರಿಯಲ್ಲಿ ಮಧುಚಂದ್ರಕ್ಕೆಂದು ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂದಿದ್ದ ಬ್ರಿಟಿಷ್ ಪ್ರಜೆಯೊಬ್ಬರು ಅಪಘಾತದಲ್ಲಿ ತೀರಿಕೊಂಡರು. ಮರಣಪತ್ರದಲ್ಲಿ ‘ಎಂದೂ ಮದುವೆಯಾಗಿಲ್ಲ’ ಎಂದು ಬರೆಯಲಾಯಿತು. ಅವರ ಗಂಡ ಅಲ್ಲೇ ಇದ್ದರು. ರಾಜ್ಯದ ಪ್ರೀಮಿಯರ್ ಜೇ ವೆದರಿಲ್ ಕ್ಷಮೆ ಕೇಳಿದರು. ಆ ವರ್ಷ ಮುಗಿಯುವುದರೊಳಗೆ ರಾಜ್ಯದ ಕಾನೂನು ಬದಲಾಯಿತು.

ಹಡಗಿನಲ್ಲಿ, ಕಂಪ್ಯೂಟರ್ ಪರದೆಯ ಮೇಲೆ

• ನಡುಗಡಲಿನಲ್ಲಿ ಮದುವೆಯಾದರೆ ಯಾವ ದೇಶದ ಕಾನೂನು? ಹಡಗು ನೋಂದಣಿಯಾದ ದೇಶದ್ದು. ಮಾಲ್ಟಾದಲ್ಲಿ ನೋಂದಣಿಯಾದ ಹಲವು ಹಡಗುಗಳಿರುವ ಸೆಲೆಬ್ರಿಟಿ ಕಂಪನಿ, ಮಾಲ್ಟಾ 2017ರಲ್ಲಿ ಕಾನೂನು ಬದಲಿಸಿದ ಮೇಲೆ, 2018ರ ಜನವರಿಯಲ್ಲಿ ಹಡಗಿನಲ್ಲೇ ಸಲಿಂಗ ಮದುವೆ ಮಾಡಿಸಿತು.

• ಅದೇ 2018ರಲ್ಲಿ ಬರ್ಮುಡಾ ತಾನು ಕೊಟ್ಟಿದ್ದ ಸಲಿಂಗ ಮದುವೆಯ ಹಕ್ಕನ್ನು ವಾಪಸು ಪಡೆಯಿತು. ಬರ್ಮುಡಾದಲ್ಲಿ ನೋಂದಣಿಯಾದ ಪ್ರವಾಸಿ ಹಡಗುಗಳ ಮೇಲೂ ಇದರ ಪೆಟ್ಟು ಬಿತ್ತು. 2022ರಲ್ಲಿ, ಬರ್ಮುಡಾದ ಅಂತಿಮ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್ ಬರ್ಮುಡಾ ಸರ್ಕಾರದ ಪರ ತೀರ್ಪು ಕೊಟ್ಟಿತು.

• ಇಸ್ರೇಲಿನಲ್ಲಿ ಮದುವೆ ಮಾಡಿಸುವ ಅಧಿಕಾರ ಧಾರ್ಮಿಕ ಸಂಸ್ಥೆಗಳದ್ದು. ಸಿವಿಲ್ ಮದುವೆ ಯಾರಿಗೂ ಇಲ್ಲ. ಆದರೆ ಹೊರಗೆ ಆದ ಮದುವೆಯನ್ನು ಸರ್ಕಾರ ದಾಖಲಿಸುತ್ತದೆ. ಕೆನಡಾದಲ್ಲಿ ಮದುವೆಯಾಗಿ ಬಂದ ಐದು ಸಲಿಂಗ ಜೋಡಿಗಳನ್ನೂ ದಾಖಲಿಸಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2006ರ ನವೆಂಬರ್‌ನಲ್ಲಿ ಆದೇಶಿಸಿತು.

• ಅಮೆರಿಕದ ಯೂಟಾ ಕೌಂಟಿಯಲ್ಲಿ ವಿಡಿಯೊ ಕರೆಯ ಮೂಲಕವೇ ಮದುವೆಯಾಗಬಹುದು. ಜೋಡಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಸರಿ. ಹೀಗೆ ಇಸ್ರೇಲಿನಲ್ಲೇ ಕುಳಿತು ಯೂಟಾದಲ್ಲಿ ಮದುವೆಯಾದವರನ್ನೂ ದಾಖಲಿಸಬೇಕು ಎಂದು 2023ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಹೇಳಿತು.

ನಮ್ಮ ಏಷ್ಯಾದಲ್ಲಿ

• ತೈವಾನ್ 2019ರ ಮೇ 24ರಂದು ಸಲಿಂಗ ಮದುವೆಗೆ ಅವಕಾಶ ಕೊಟ್ಟಿತು. ವಿದೇಶಿ ಸಂಗಾತಿಯಾದರೆ ಅವರ ದೇಶವೂ ಒಪ್ಪಿರಬೇಕು ಎಂಬ ಷರತ್ತನ್ನು 2023ರ ಜನವರಿಯಲ್ಲಿ ಕೈಬಿಟ್ಟಿತು. ಚೀನಾದ ಮುಖ್ಯಭೂಮಿಯವರು ಆಗಲೂ ಹೊರಗುಳಿದರು. ಮೂರನೆಯ ದೇಶದಲ್ಲಿ ಮದುವೆಯಾಗಿ ಬಂದರೆ ಅವರನ್ನೂ ಒಪ್ಪುವುದಾಗಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು.

• ಆಗ್ನೇಯ ಏಷ್ಯಾದಲ್ಲಿ ಮೊದಲು ದಾರಿ ತೆರೆದದ್ದು ಥಾಯ್ಲೆಂಡ್, 2025ರ ಜನವರಿ 23ರಂದು. ವಿದೇಶಿಯರೂ ಅಲ್ಲಿ ಮದುವೆಯಾಗಬಹುದು, ಆದರೆ ‘ಮದುವೆಗೆ ಅಡ್ಡಿಯಿಲ್ಲ’ ಎಂಬ ತಮ್ಮ ರಾಯಭಾರ ಕಚೇರಿಯ ಪತ್ರ ಬೇಕು.

• ನೇಪಾಳದಲ್ಲಿ ದಾರಿ ತೆರೆದದ್ದು ಪರದೇಶದ ಮದುವೆಗಳೇ. ಅಮೆರಿಕದಲ್ಲಿ ಮದುವೆಯಾದ ನೇಪಾಳಿ ಮಹಿಳೆಯ ಹೆಂಡತಿಗೆ ವೀಸಾ ಕೊಡುವಂತೆ ಅಲ್ಲಿನ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2023ರಲ್ಲಿ ಜರ್ಮನಿಯಲ್ಲಿ ಮದುವೆಯಾದ ಇಬ್ಬರು ಪುರುಷರ ವಿಷಯದಲ್ಲೂ ಹಾಗೆಯೇ ಹೇಳಿತು. ಇಂಥ ಮದುವೆಗಳನ್ನು ನೋಂದಾಯಿಸಬೇಕೆಂದು ಅದೇ ಕೋರ್ಟು ಆ ವರ್ಷ ಜೂನ್‌ನಲ್ಲಿ ಕೊಟ್ಟ ಮಧ್ಯಂತರ ಆದೇಶದ ಬಳಿಕ, ನವೆಂಬರ್ 29ರಂದು ಲಮ್‌ಜುಂಗ್ ಜಿಲ್ಲೆಯ ದೋರ್ದಿ ಗ್ರಾಮೀಣ ಪಾಲಿಕೆಯಲ್ಲಿ ಮೊದಲ ಮದುವೆ ನೋಂದಣಿಯಾಯಿತು.

ಭಾರತೀಯರಿಗೆ

• ಪರದೇಶದಲ್ಲಿರುವ ಭಾರತೀಯರ ಮದುವೆಗೆಂದೇ ಒಂದು ಕಾನೂನಿದೆ: 1969ರ ವಿದೇಶಿ ವಿವಾಹ ಕಾಯ್ದೆ. ಒಬ್ಬರು ಭಾರತದ ಪ್ರಜೆಯಾಗಿದ್ದರೂ ಸಾಕು, ನಮ್ಮ ರಾಯಭಾರ ಕಚೇರಿಗಳಲ್ಲಿ ಮದುವೆ ನೋಂದಾಯಿಸಬಹುದು. ಆ ಕಾಯ್ದೆಯಲ್ಲಿ ವರನಿಗೆ 21, ವಧುವಿಗೆ 18 ವರ್ಷ ಎಂದು ಬರೆದಿದೆ. ಸಲಿಂಗ ಜೋಡಿಗಳ ದಾರಿಗೆ ಅಡ್ಡ ನಿಂತದ್ದು ಈ ‘ವರ’, ‘ವಧು’.

• 2017ರಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಮದುವೆಯಾದ ಇಬ್ಬರು ಪುರುಷರು ನೋಂದಣಿಗೆಂದು 2020ರಲ್ಲಿ ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿಗೆ ಹೋದರು. ಆಗುವುದಿಲ್ಲ ಎಂಬ ಉತ್ತರ ಬಂತು. ಅವರು ದೆಹಲಿ ಹೈಕೋರ್ಟಿಗೆ ಹೋದರು.

• ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನ ಕಥೆಯೂ ಇದೇ. ಭಾರತೀಯ ಪ್ರಜೆಯ ಅಥವಾ ಒಸಿಐ ಕಾರ್ಡುದಾರರ ವಿದೇಶಿ ಸಂಗಾತಿಗೆ, ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದಿದ್ದರೆ, ಈ ಕಾರ್ಡ್ ಸಿಗುತ್ತದೆ. ಪೌರತ್ವ ಕಾಯ್ದೆಯ ಆ ಸೆಕ್ಷನ್ನಿನಲ್ಲಿ ಗಂಡ, ಹೆಂಡತಿ ಎಂದಿಲ್ಲ, ಸಂಗಾತಿ ಎಂದಷ್ಟೇ ಇದೆ. ನ್ಯೂಯಾರ್ಕಿನಲ್ಲಿ ಮದುವೆಯಾದ ಜೋಡಿಯೊಂದು ಇದನ್ನೇ ಹಿಡಿದು ವಾದಿಸಿತು. ‘ಸಂಗಾತಿ ಎಂದರೆ ಗಂಡ ಅಥವಾ ಹೆಂಡತಿ ಮಾತ್ರ’ ಎಂದು ಕೇಂದ್ರ ಸರ್ಕಾರ ಪ್ರತಿವಾದ ಹೂಡಿತು.

• ಈ ಅರ್ಜಿಗಳೆಲ್ಲ ಸುಪ್ರೀಂ ಕೋರ್ಟ್ ಸೇರಿದವು. ಅರ್ಜಿದಾರರಲ್ಲಿ ಬೆಂಗಳೂರಿನ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯೂ ಇದ್ದರು. 2023ರ ಅಕ್ಟೋಬರ್ 17ರಂದು ತೀರ್ಪು ಬಂತು. ಮದುವೆ ಮೂಲಭೂತ ಹಕ್ಕಲ್ಲ ಎಂಬುದರಲ್ಲಿ ಐವರು ನ್ಯಾಯಮೂರ್ತಿಗಳದ್ದೂ ಒಂದೇ ಮಾತು. ಸಹಬಾಳ್ವೆಗೆ ಕಾನೂನಿನ ಮಾನ್ಯತೆಯ ಹಕ್ಕಿದೆ ಎಂದವರು ಡಿ.ವೈ. ಚಂದ್ರಚೂಡ್ ಮತ್ತು ಎಸ್.ಕೆ. ಕೌಲ್, ಇಲ್ಲ ಎಂದವರು ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ಪಿ.ಎಸ್. ನರಸಿಂಹ. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿ 9ರಂದು ವಜಾ ಆದವು.

• ಆ ತೀರ್ಪಿನಲ್ಲಿ ಅಷ್ಟಾಗಿ ಸುದ್ದಿಯಾಗದ ಒಂದು ಮಾತಿದೆ. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ ಪುರುಷನನ್ನು, ಅಥವಾ ಲಿಂಗತ್ವ ಅಲ್ಪಸಂಖ್ಯಾತ ಪುರುಷ ಮಹಿಳೆಯನ್ನು ಮದುವೆಯಾಗಲು ಈಗಿರುವ ಕಾನೂನುಗಳಲ್ಲೇ ಹಕ್ಕಿದೆ.

• ಬ್ಯಾಂಕಿನಲ್ಲಿ ಸಲಿಂಗ ಸಂಗಾತಿಯ ಜೊತೆ ಜಂಟಿ ಖಾತೆ ತೆರೆಯಲು, ಅವರನ್ನು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲ. ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಇದನ್ನು ಲಿಖಿತವಾಗಿ ಸ್ಪಷ್ಟಪಡಿಸಿದೆ.

• ಆದರೆ ನಾಮಿನಿ ಎಂದರೆ ವಾರಸುದಾರ ಅಲ್ಲ. ನಮ್ಮ ಕಾನೂನಿನಲ್ಲಿ ಸಲಿಂಗ ಸಂಗಾತಿಗೆ ತಾನಾಗಿ ಬರುವ ವಾರಸಿನ ಹಕ್ಕಿಲ್ಲ. ಪರದೇಶದ ಮದುವೆಯ ಪತ್ರ ಕೈಲಿದ್ದರೂ ಅಷ್ಟೇ. ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಉಯಿಲು ಬರೆದು ಕೊಡಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಮುಸ್ಲಿಮರಿಗೆ ಉಯಿಲಿನ ನಿಯಮ ಬೇರೆ. ನಿಮ್ಮ ಮನೆಯ ಮಗನೋ ಮಗಳೋ ಪರದೇಶದಲ್ಲಿ ಹೀಗೆ ಮದುವೆಯಾಗಿದ್ದು, ಇಲ್ಲಿ ನಿವೇಶನ, ಮನೆ, ಠೇವಣಿ ಇದ್ದರೆ ಮೊದಲು ಒಬ್ಬ ವಕೀಲರನ್ನು ಕಂಡು ಉಯಿಲು ಮಾಡಿಸಲು ಹೇಳಿ. ಭಾರತದ ಕಾನೂನು ಬದಲಾಗುವವರೆಗೆ ಅವರ ಸಂಗಾತಿಗೆ ಆಸ್ತಿಯಲ್ಲಿ ಪಾಲು ಸಿಗಬೇಕಾದರೆ ಬೇಕಾದ ಕಾಗದ ಅದೇ.